ನಿಂತ ಗಾಡಿಗೆ ಗುದ್ದಿದವನದೇ ತಪ್ಪೇ? (ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ)

ಕಬ್ಬಿನ ಹಂಗಾಮು ಮುಗಿಯುತ್ತ ಬಂದಂತೆ ನನಗೆ ಬರುವ ಪತ್ರಗಳಲ್ಲಿ ರಸ್ತೆ ಅಪಘಾತದವೇ ಹೆಚ್ಚಾಗುತ್ತವೆ. ಈ ಸಲ ನಾಲ್ಕು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಬೇಕೆಂದೇ, ಏಕೆಂದರೆ ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ವಕೀಲಿಕೆ ಮಾಡುವ ನನ್ನ ಮುಂದೆ ಪ್ರತಿ ವರ್ಷವೂ ಯಾರಾದರೊಬ್ಬರು ಇದೇ ಪ್ರಶ್ನೆಯನ್ನು ಹಿಡಿದು ಬಂದು ಕೂಡುತ್ತಾರೆ.

ಪ್ರಶ್ನೆ: ನನ್ನ ಅಣ್ಣನಿಗೆ 34 ವರ್ಷ. ಎಮ್ಮೆ ಸಾಕಿ ಹಾಲು ಹಾಕುತ್ತಿದ್ದ. ಕಳೆದ ಜನವರಿಯಲ್ಲಿ ರಾತ್ರಿ ಎಂಟೂವರೆಯ ಸುಮಾರಿಗೆ ಬೈಕಿನ ಮೇಲೆ ಊರಿಗೆ ಮರಳುವಾಗ, ರಸ್ತೆಯ ಮೇಲೆಯೇ ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರಾಲಿಗೆ ಗುದ್ದಿ ಸ್ಥಳದಲ್ಲಿಯೇ ತೀರಿಕೊಂಡ. ಟ್ರಾಲಿಯ ಗಾಲಿ ಪಂಕ್ಚರ್ ಆಗಿತ್ತಂತೆ. ಹಿಂದೆ ದೀಪವಾಗಲಿ ರೇಡಿಯಂ ಪಟ್ಟಿಯಾಗಲಿ ಇರಲಿಲ್ಲ. ಪೊಲೀಸರು ‘ಹಿಂದಿನಿಂದ ಬಂದು ಗುದ್ದಿದ್ದಾನೆ’ ಎಂದು ಸತ್ತ ಅಣ್ಣನ ಮೇಲೆಯೇ ಪ್ರಕರಣ ದಾಖಲಿಸಿದ್ದಾರೆ. ಅವನು ಹೆಲ್ಮೆಟ್ ಹಾಕಿರಲಿಲ್ಲ. ಟ್ರ್ಯಾಕ್ಟರಿನ ಮಾಲೀಕರು ಪಕ್ಕದ ಊರಿನವರು. ಐವತ್ತು ಸಾವಿರ ಕೊಡುತ್ತೇನೆ, ಇಲ್ಲಿಗೇ ಮುಗಿಸಿರಿ ಎನ್ನುತ್ತಾರೆ. ನಮ್ಮ ಹಿರಿಯರ ಮಾತೂ ಅದೇ. ವೈನಿ, ಇಬ್ಬರು ಸಣ್ಣ ಮಕ್ಕಳು ಮತ್ತು ತಾಯಿ ಇದ್ದಾರೆ. ನಮಗೆ ಪರಿಹಾರ ಕೇಳುವ ಹಕ್ಕು ಇದೆಯೇ?
— ಓದುಗರು, ಜಮಖಂಡಿ ತಾಲ್ಲೂಕು

ಉತ್ತರ: ಹಕ್ಕು ಇದೆ. ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಎಂಬುದು ಕಟ್ಟೆಯ ಮೇಲಿನ ಕಾನೂನೇ ಹೊರತು ಮೋಟಾರು ವಾಹನ ಕಾಯ್ದೆಯಲ್ಲಿ ಬರೆದಿರುವ ಕಾನೂನಲ್ಲ. ನಿರ್ಲಕ್ಷ್ಯವನ್ನು ಅಳೆಯುವಾಗ ನ್ಯಾಯಾಲಯ ಯಾವ ಗಾಡಿ ಓಡುತ್ತಿತ್ತು, ಯಾವುದು ನಿಂತಿತ್ತು ಎಂಬಷ್ಟಕ್ಕೇ ನಿಲ್ಲುವುದಿಲ್ಲ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ, ತನ್ನಿಂದ ಇನ್ನೊಬ್ಬರಿಗೆ ಅಪಾಯವಾದೀತು ಎಂದು ಸಾಮಾನ್ಯ ತಿಳಿವಳಿಕೆಯ ಮನುಷ್ಯನಿಗೆ ಹೊಳೆಯಬೇಕಾಗಿತ್ತೇ, ಹೊಳೆದ ಮೇಲೆ ಅವನು ಮಾಡಬೇಕಾದದ್ದನ್ನು ಮಾಡಿದನೇ ಎಂದು ನೋಡುತ್ತದೆ. ಗಾಲಿ ಪಂಕ್ಚರ್ ಆಗುವುದು ಯಾರ ತಪ್ಪೂ ಅಲ್ಲ. ತಪ್ಪು ಸುರುವಾಗುವುದು ಅದರ ನಂತರದ ಹತ್ತು ನಿಮಿಷಗಳಲ್ಲಿ.

1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು, ಯಾವುದೇ ವಾಹನವನ್ನಾಗಲಿ ಟ್ರೇಲರನ್ನಾಗಲಿ ಇತರರಿಗೆ ಅಪಾಯವಾಗುವ ರೀತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಬಾರದು ಎಂದು ಹೇಳುತ್ತದೆ; ‘ಟ್ರೇಲರ್’ ಎಂಬ ಮಾತು ಕಲಮಿನೊಳಗೇ ಇದೆ. ಟ್ರೇಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 104ನೇ ನಿಯಮ ವಿಧಿಸುತ್ತದೆ. ನಮ್ಮ ಕಡೆಯ ಕಬ್ಬಿನ ಗಾಡಿಗಳನ್ನು ನೋಡಿದವರಿಗೆ ಗೊತ್ತು: ರಿಫ್ಲೆಕ್ಟರ್ ಇದ್ದರೂ ಅದು ಕೆಳಗೆ ಇಳಿಬಿದ್ದ ಕಬ್ಬಿನ ಸೋಗೆಯ ಹಿಂದೆ ಮುಚ್ಚಿಹೋಗಿರುತ್ತದೆ, ನಂಬರ್ ಪ್ಲೇಟೂ ಕಾಣುವುದಿಲ್ಲ, ಎದುರಿನಿಂದ ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ಆ ಕಬ್ಬಿನ ರಾಶಿ ಕತ್ತಲೆಯದೇ ಒಂದು ಭಾಗವಾಗಿಬಿಡುತ್ತದೆ. ಹಿಂದೊಮ್ಮೆ ಇಂಥದೇ ಪ್ರಕರಣದಲ್ಲಿ ಚಾಲಕನನ್ನು ಪಾಟೀಸವಾಲಿಗೆ ಒಳಪಡಿಸಿದಾಗ, ‘ಗಾಲಿಗೆ ಕಲ್ಲು ಕೊಟ್ಟಿದ್ದೆ, ಹಿಂದೆ ಕೆಂಪು ಅರಿವೆ ಕಟ್ಟಿದ್ದೆ’ ಎಂದು ಅವನು ಬಹಳ ಧೈರ್ಯದಿಂದ ಹೇಳಿದ. ಅರಿವೆ ಕಟ್ಟಿದ್ದು ಎಷ್ಟು ಗಂಟೆಗೆ ಎಂದು ಕೇಳಿದೆ. ರಾತ್ರಿ ಒಂಬತ್ತಕ್ಕೆ ಎಂದ. ಕತ್ತಲೆಯಲ್ಲಿ ಕೆಂಪು ಅರಿವೆಯೂ ಕರಿ ಅರಿವೆಯೂ ಒಂದೇ. ಅಪಾಯವಿದೆ ಎಂದು ತನಗೆ ತಿಳಿದಿತ್ತೆಂಬುದನ್ನು ಮಾತ್ರ ಆ ಉತ್ತರದಿಂದ ಅವನೇ ಒಪ್ಪಿಕೊಂಡಂತಾಯಿತು.

ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ತೀರ್ಪು 2024ರ ಸೆಪ್ಟೆಂಬರಿನದು, ಅದೂ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು. ಹೆದ್ದಾರಿಯ ನಡುವೆ ಯಾವ ಸೂಚನೆಯೂ ಇಲ್ಲದೆ ನಿಲ್ಲಿಸಿದ್ದ ಹದಿನಾಲ್ಕು ಗಾಲಿಯ ಟ್ರೇಲರ್ ಲಾರಿಗೆ ಕಾರೊಂದು ಹಿಂದಿನಿಂದ ಗುದ್ದಿತ್ತು. ಅರ್ಧ ತಪ್ಪು ಕಾರಿನ ಚಾಲಕನದು ಎಂದು ಕೆಳಗಿನ ಹಂತದಲ್ಲಿ ಹಂಚಿಕೆಯಾಗಿದ್ದುದನ್ನು ಸುಪ್ರೀಂ ಕೋರ್ಟು ಒಪ್ಪದೆ, ಪೂರ್ತಿ ಹೊಣೆಯನ್ನು ಲಾರಿಯ ಕಡೆಯವರ ಮೇಲೆಯೇ ಹೊರಿಸಿತು. ‘ಗಾಡಿ ನಿಂತೇ ಇತ್ತಲ್ಲ, ಅದು ವಾಹನದ ಬಳಕೆ ಹೇಗಾಗುತ್ತದೆ’ ಎಂದು ವಿಮಾ ಕಂಪನಿಯವರು ಕೇಳಿದರೆ ಅದಕ್ಕೂ ಉತ್ತರವಿದೆ. 1987ರಲ್ಲಿ ಮಹಾರಾಷ್ಟ್ರದೊಳಗೆ ಆಗಿನ ರಾಷ್ಟ್ರೀಯ ಹೆದ್ದಾರಿ 4ರ ಪಕ್ಕದಲ್ಲಿ, ಅಂದರೆ ಬೆಳಗಾವಿಯ ಮೇಲೆ ಹಾದು ಬರುವ ಅದೇ ಹೆದ್ದಾರಿಯಲ್ಲಿ, ಉರುಳಿಬಿದ್ದ ಪೆಟ್ರೋಲ್ ಟ್ಯಾಂಕರೊಂದು ಕೆಲವು ಗಂಟೆಗಳ ನಂತರ ಸ್ಫೋಟಗೊಂಡು ಜನ ಸತ್ತಿದ್ದರು. ನಿಶ್ಚಲವಾಗಿ ಬಿದ್ದಿರುವ ವಾಹನದಿಂದಾದ ಅನಾಹುತವೂ ವಾಹನದ ಬಳಕೆಯಿಂದಲೇ ಆದದ್ದು ಎಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಆದರೆ ನಿಮ್ಮ ಅಣ್ಣನ ಪಾಲಿಗೆ ಯಾವ ತಪ್ಪೂ ಬರುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ರಸ್ತೆಯ ಮೇಲಿನ ಎಚ್ಚರಿಕೆಯ ಹೊಣೆ ಓಡುವವನಿಗೂ ಇದೆ. ತನ್ನ ಹೆಡ್‌ಲೈಟಿನ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲಿಸಲು ಆಗದಷ್ಟು ಜೋರಾಗಿ ಹೋಗುತ್ತಿದ್ದನೆಂದು ತೋರಿಸಿಕೊಟ್ಟರೆ ಅವನ ಪಾಲನ್ನು ಪರಿಹಾರದಲ್ಲಿ ಕಡಿತ ಮಾಡುತ್ತಾರೆ. ಕೋರ್ಟಿನಲ್ಲಿ ಇದಕ್ಕೆ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎನ್ನುತ್ತಾರೆ. ಹಂಚಿಕೆ ಹೇಗಾಗುತ್ತದೆ ಎಂಬುದಕ್ಕೆ 2025ರ ಜುಲೈ ತಿಂಗಳಿನ ಒಂದು ತೀರ್ಪನ್ನು ನೋಡಬಹುದು. 2017ರಲ್ಲಿ ಕೊಯಮತ್ತೂರಿನಲ್ಲಿ ಕಾರಿನವನೊಬ್ಬ, ಗರ್ಭಿಣಿ ಹೆಂಡತಿಗೆ ವಾಂತಿ ಬಂತೆಂದು ಹೆದ್ದಾರಿಯಲ್ಲಿ ಒಮ್ಮೆಲೇ ಬ್ರೇಕ್ ಹಾಕಿದ. ಹಿಂದಿನ ಬೈಕಿನ ವಿದ್ಯಾರ್ಥಿ ಕಾರಿಗೆ ತಾಗಿ ಬಿದ್ದ, ಅವನ ಮೇಲೆ ಬಸ್ಸು ಹಾದು ಕಾಲು ಹೋಯಿತು. ಸೂಚನೆ ಕೊಡದೆ ನಿಲ್ಲಿಸಿದ ಕಾರಿನವನದು ಶೇ 50, ಬಸ್ಸಿನದು ಶೇ 30, ಅಂತರ ಬಿಡದೆ ಬಂದ ಬೈಕಿನವನದು ಶೇ 20 ಎಂದು ಸುಪ್ರೀಂ ಕೋರ್ಟು ತಪ್ಪನ್ನು ಹಂಚಿತು. ಹೆಂಡತಿಯ ವಾಂತಿ ನಿಜವಾದ ಕಾರಣವೇ ಆಗಿದ್ದರೂ ಹಿಂದಿನವರಿಗೆ ಸೂಚನೆ ಕೊಡದೆ ನಿಲ್ಲಿಸುವುದಕ್ಕೆ ಅದು ಸಮರ್ಥನೆಯಾಗಲಿಲ್ಲ. ನಿಮ್ಮ ಪ್ರಕರಣದಲ್ಲಿ ಪಂಕ್ಚರಿನ ಸ್ಥಾನವೂ ಅದೇ.

ಹೆಲ್ಮೆಟ್ ವಿಷಯವನ್ನು ಎದುರಿನವರು ಎತ್ತಿಯೇ ಎತ್ತುತ್ತಾರೆ. ಒಂದು ಬೈಕಿನ ಮೇಲೆ ಮೂವರು ಕುಳಿತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ, ನಿಯಮ ಮುರಿದದ್ದು ಒಂದು ವಿಷಯ, ಆ ಮುರಿದದ್ದೇ ಅಪಘಾತಕ್ಕೋ ಪೆಟ್ಟಿನ ತೀವ್ರತೆಗೋ ಕಾರಣವಾಯಿತು ಎಂದು ತೋರಿಸುವುದು ಬೇರೆ ವಿಷಯ ಎಂದು ಹೇಳಿದೆ. ಹೆಲ್ಮೆಟ್ ಇಲ್ಲದ್ದರಿಂದ ಟ್ರಾಲಿ ಕಾಣದೆ ಹೋಗಲಿಲ್ಲ. ಆದರೂ ಸಾವು ತಲೆಯ ಪೆಟ್ಟಿನಿಂದಲೇ ಆಗಿದೆಯೇ ಎಂಬುದನ್ನು ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಮೊದಲೇ ಓದಿಕೊಳ್ಳಿರಿ.

ಇನ್ನು ಪೊಲೀಸ್ ಪ್ರಕರಣ. ಅಣ್ಣನ ಮೇಲೆ ಎಫ್‌ಐಆರ್ ಆಗಿದೆ ಎಂಬ ಒಂದೇ ಕಾರಣಕ್ಕೆ ಎಂವಿಸಿ ಕೇಸು, ಅಂದರೆ ಅಪಘಾತದ ಪರಿಹಾರ ಕೇಳುವ ಕೇಸು, ಬೀಳುವುದಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕು. ಪರಿಹಾರದ ನ್ಯಾಯಮಂಡಳಿಯಲ್ಲಿ ಯಾವುದು ಹೆಚ್ಚು ಸಂಭವನೀಯವೋ ಅಷ್ಟನ್ನು ತೋರಿಸಿದರೆ ಸಾಕು, ಇದನ್ನು 2009ರಲ್ಲಿ ಹಿಮಾಚಲದ ಸಾರಿಗೆ ಬಸ್ಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಎಫ್‌ಐಆರಿಗಿಂತ ಹೆಚ್ಚು ಬೆಲೆಯ ಕಾಗದ ಸ್ಥಳ ಪಂಚನಾಮೆ ಮತ್ತು ಅದರ ಜೊತೆಗಿನ ಕೈನಕ್ಷೆ. ರಸ್ತೆಯ ಅಗಲ ಎಷ್ಟು, ಟ್ರಾಲಿಯ ಗಾಲಿಗಳು ಡಾಂಬರಿನ ಮೇಲಿದ್ದವೋ ಪಕ್ಕದ ಮಣ್ಣಿನ ಮೇಲಿದ್ದವೋ, ಬೈಕಿನ ಬ್ರೇಕಿನ ಗೀರು ಎಲ್ಲಿಂದ ಸುರುವಾಗಿದೆ, ಬೀದಿದೀಪ ಇತ್ತೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ಬಂದಿರಬೇಕು. ಬಂದಿಲ್ಲದಿದ್ದರೆ ಆ ರಾತ್ರಿ ಅಲ್ಲಿ ಸೇರಿದವರ ಮೊಬೈಲಿನಲ್ಲಿ ಟ್ರಾಲಿ ಸರಿಸುವ ಮೊದಲಿನ ಫೋಟೋ ಇದೆಯೇ ಎಂದು ಇವತ್ತೇ ವಿಚಾರಿಸಿರಿ. ಮೋಟಾರು ವಾಹನ ನಿರೀಕ್ಷಕರ ವರದಿಯ ಪ್ರತಿಯನ್ನೂ ತೆಗೆದುಕೊಳ್ಳಿರಿ. ಟ್ರ್ಯಾಕ್ಟರಿನ ನಂಬರಿನ ಜೊತೆಗೆ ಟ್ರಾಲಿಯ ನಂಬರೂ ಬೇಕು, ಏಕೆಂದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರು ತಾನೇ ಒಂದು ಮೋಟಾರು ವಾಹನ. ಅದರ ವಿಮೆ ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದೆ ದೊಡ್ಡ ವಾದವೇ ನಡೆಯುತ್ತದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿಯು 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕು. ಅದು ಸಲ್ಲಿಕೆಯಾಗಿದೆಯೇ ಎಂದೂ ಕೇಳಿರಿ.

ಐವತ್ತು ಸಾವಿರದ ಮಾತಿಗೆ ಬರುತ್ತೇನೆ. ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ಆದಾಯ ಎಂದು ನ್ಯಾಯಮಂಡಳಿ ಒಪ್ಪಿತು ಎಂದಿಟ್ಟುಕೊಳ್ಳೋಣ. ಡೇರಿಯ ಹಾಲಿನ ಪಟ್ಟಿ ಇದ್ದರೆ ಒಪ್ಪಿಸುವುದು ಕಷ್ಟವಲ್ಲ. ಸ್ವಂತ ಉದ್ಯೋಗದ, 40 ವರ್ಷದೊಳಗಿನವರಿಗೆ ಮುಂದಿನ ಗಳಿಕೆಯ ಬಾಬ್ತು ಶೇ 40 ಸೇರಿಸಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆಗ 21,000 ಆಯಿತು. ನಾಲ್ವರು ಅವಲಂಬಿತರಿದ್ದಾಗ ಸತ್ತವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯುತ್ತಾರೆ, ಉಳಿದದ್ದು 15,750. ವರ್ಷಕ್ಕೆ 1,89,000. 31ರಿಂದ 35ರ ವಯಸ್ಸಿಗೆ 2009ರ ಇನ್ನೊಂದು ತೀರ್ಪಿನಂತೆ ಗುಣಕ 16. ಒಟ್ಟು 30,24,000 ರೂಪಾಯಿ, ಅಂತ್ಯಕ್ರಿಯೆ ಮತ್ತಿತರ ಬಾಬ್ತುಗಳು ಬೇರೆ. ಅಣ್ಣನದು ಶೇ 25 ತಪ್ಪು ಎಂದು ಹಿಡಿದರೂ 22,68,000 ಉಳಿಯುತ್ತದೆ. ಹಿರಿಯರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿರಿ. ವಿಮೆ ಸರಿಯಾಗಿದ್ದರೆ ಈ ಹಣ ಕೊಡುವುದು ವಿಮಾ ಕಂಪನಿಯೇ ಹೊರತು ಪಕ್ಕದ ಊರಿನವರಲ್ಲ ಎಂಬುದನ್ನೂ ಹೇಳಿರಿ. ಎಷ್ಟೋ ಸಲ ಊರೊಳಗಿನ ಸಂಕೋಚ ಅಲ್ಲಿಗೆ ಕರಗುತ್ತದೆ. ಅಪ್ರಾಪ್ತ ಮಕ್ಕಳ ಹಕ್ಕನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಕಟ್ಟೆಯ ಮೇಲೆ ರಾಜಿ ಮಾಡಲು ಬರುವುದಿಲ್ಲ.

ತಪ್ಪು ಯಾರದೆಂದು ತೋರಿಸುವ ಅಗತ್ಯವೇ ಇಲ್ಲದೆ 164ನೇ ಕಲಮಿನಡಿ ಸಾವಿಗೆ 5 ಲಕ್ಷ ರೂಪಾಯಿ ಪಡೆಯುವ ದಾರಿಯೂ ಇದೆ. ಆದರೆ ಅದನ್ನು ರಾಜಿಯಲ್ಲಿ ಸ್ವೀಕರಿಸಿದರೆ, ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳುವ 166ನೇ ಕಲಮಿನ ಅರ್ಜಿ ಅಲ್ಲಿಗೇ ನಿಂತುಹೋಗುತ್ತದೆ. ಸಾಕ್ಷಿ ಏನೇನೂ ಇಲ್ಲದವರಿಗೆ ಮಾತ್ರ ನಾನು ಈ ದಾರಿ ತೋರಿಸುತ್ತೇನೆ. ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಕಾಲಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ ನಿಜ, ಅದನ್ನು ನಂಬಿಕೊಂಡು ಕೂಡಬೇಡಿರಿ. ನೀವು ವಾಸವಿರುವ ಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ವಕೀಲರ ಖರ್ಚು ಕಷ್ಟವೆನಿಸಿದರೆ ನಿಮ್ಮ ವೈನಿಯವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿರಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ನಾನು ರೈತ. ಕಣ ಮಾಡಲು ಜಾಗವಿಲ್ಲದ ಕಾರಣ ಕಡಲೆಯನ್ನು ನಮ್ಮ ಹೊಲದ ಮುಂದಿನ ಡಾಂಬರು ರಸ್ತೆಯ ಮೇಲೆ ಹಾಕಿದ್ದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಸಂಜೆ ಬೈಕಿನಲ್ಲಿ ಬಂದ ಇಬ್ಬರು ಅದರ ಮೇಲೆ ಜಾರಿ ಬಿದ್ದು, ಹಿಂದೆ ಕುಳಿತವನ ಕಾಲು ಮುರಿದಿದೆ. ಈಗ ನನ್ನಿಂದ ದವಾಖಾನೆಯ ಖರ್ಚು ಕೇಳುತ್ತಿದ್ದಾರೆ. ಹಗಲಿನಷ್ಟೇ ಸ್ಪಷ್ಟವಾಗಿ ಕಾಣುವ ರಾಶಿಯ ಮೇಲೆ ಗಾಡಿ ಹಾಯಿಸಿದ್ದು ಅವರು. ಅವರಿಗೂ ನನಗೂ ಏನು ಸಂಬಂಧ?
— ಓದುಗರು, ಸಿಂದಗಿ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ 1932ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಎದುರಿಸಿತ್ತು. ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಒಬ್ಬ ಹೆಣ್ಣುಮಗಳು ಕುಡಿದ ಶುಂಠಿಯ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬ ದೂರು ಅದು. ಬಾಟಲಿ ಕೊಂಡವಳು ಅವಳ ಗೆಳತಿ. ತಯಾರಿಸಿದವನಿಗೂ ಕುಡಿದವಳಿಗೂ ಯಾವ ವ್ಯವಹಾರವೂ ಇರಲಿಲ್ಲ. ಆದರೂ ನನ್ನ ಕೆಲಸದಿಂದ ಯಾರಿಗೆ ತೊಂದರೆಯಾದೀತೆಂದು ನಾನು ಮುಂಚಿತವಾಗಿ ಊಹಿಸಬಲ್ಲೆನೋ ಅವರೆಲ್ಲ ಕಾನೂನಿನ ಕಣ್ಣಿನಲ್ಲಿ ನನ್ನ ನೆರೆಯವರೇ, ಅವರ ಬಗ್ಗೆ ನನಗೆ ಎಚ್ಚರಿಕೆಯ ಹೊಣೆ ಇದೆ ಎಂದು ಲಾರ್ಡ್ ಅಟ್ಕಿನ್ ಬರೆದರು. ನಮ್ಮ ನ್ಯಾಯಾಲಯಗಳೂ ಈ ತತ್ವವನ್ನೇ ಅನುಸರಿಸುತ್ತ ಬಂದಿವೆ. ವಾಹನಗಳು ತುಳಿಯಲಿ ಎಂದೇ ರಸ್ತೆಯ ಮೇಲೆ ರಾಶಿ ಹಾಕಿದವರು, ಅದರ ಮೇಲೆ ಹಾಯುವ ಬೈಕಿನವನು ತಮ್ಮ ಊಹೆಗೆ ಬರಲಿಲ್ಲ ಎನ್ನಲಾಗದು.

‘ಎಲ್ಲರೂ ಮಾಡುತ್ತಾರೆ’ ಎಂಬುದು ಸಮರ್ಥನೆಯಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ ಅಥವಾ ಅಪಾಯ ಉಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ 5,000 ರೂಪಾಯಿವರೆಗೆ ದಂಡವಿದೆ. ಗಾಯವಾಗಿದ್ದರೆ 125ನೇ ಕಲಮೂ ಸೇರಬಹುದು. ಕಣದ ಜಾಗವಿಲ್ಲದ ಸಣ್ಣ ರೈತನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ, ನಮ್ಮ ತಂದೆಯೂ ರಸ್ತೆಯ ಮೇಲೆ ರಾಶಿ ಮಾಡಿದವರೇ. ಆದರೆ ಕಾಳಿಗಿಂತ ಹೆಚ್ಚು ಜನರನ್ನು ಕೆಡವುವುದು ರಾಶಿಯ ಸುತ್ತ ಇಡುವ ಕಲ್ಲುಗಳು. ರಾಶಿ ಬಳಿದುಕೊಂಡು ಹೋದ ಮೇಲೆ ಆ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ, ರಾತ್ರಿಯ ಬಸ್ಸಿನ ಬೆಳಕಿಗೂ ಕಾಣುವುದಿಲ್ಲ. ನೀವು ಕಲ್ಲು ಇಟ್ಟಿದ್ದಿರೋ ಇಲ್ಲವೋ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಇಟ್ಟಿದ್ದರೆ ನಿಮ್ಮ ಪಕ್ಷ ಇನ್ನಷ್ಟು ಬಲಹೀನವಾಗುತ್ತದೆ.

ಹಾಗೆಂದು ಕೇಳಿದಷ್ಟು ಹಣವನ್ನು ಕಣ್ಣುಮುಚ್ಚಿ ಕೊಡಬೇಕಾಗಿಲ್ಲ. ಬೈಕು ಓಡಿಸಿದವನೂ ರಾಶಿ ಕಂಡ ಮೇಲೆ ವೇಗ ತಗ್ಗಿಸಬೇಕಾಗಿತ್ತು. ಆದರೆ ಪೆಟ್ಟಾದದ್ದು ಹಿಂದೆ ಕುಳಿತವನಿಗೆ. ಓಡಿಸಿದವನ ತಪ್ಪನ್ನು ಅವನ ತಲೆಗೆ ಕಟ್ಟಲು ಬರುವುದಿಲ್ಲ. ಇಬ್ಬರ ತಪ್ಪು ಸೇರಿ ಮೂರನೆಯವನಿಗೆ ಹಾನಿಯಾದಾಗ ಅವನು ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೈಕಿಗೆ ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂದೆ ಕುಳಿತವನಿಗೆ ಅದು ಅನ್ವಯಿಸುವುದಿಲ್ಲ. ಆಗ ಅವನು ಸಿವಿಲ್ ಕೋರ್ಟಿನಲ್ಲಿ ನಿಮ್ಮನ್ನೇ ಹುಡುಕಿಕೊಂಡು ಬರುವ ಸಾಧ್ಯತೆ ಹೆಚ್ಚು. ದವಾಖಾನೆಯ ಬಿಲ್ಲುಗಳನ್ನು ನೋಡಿ, ನ್ಯಾಯವಾದ ಪಾಲನ್ನು ವಕೀಲರ ಎದುರು ಬರವಣಿಗೆಯಲ್ಲಿ ತೀರಿಸಿಕೊಳ್ಳುವುದು ನಿಮಗೆ ಒಳ್ಳೆಯದು.

ಪ್ರಶ್ನೆ: ಅಕ್ಕನ ಮಗನಿಗೆ 17 ವರ್ಷ. ನಾನು ಮನೆಯಲ್ಲಿ ಇಲ್ಲದಾಗ ನನ್ನ ಸ್ಕೂಟಿ ತೆಗೆದುಕೊಂಡು ಹೋಗಿ ಶಹಾಪುರದಲ್ಲಿ ಒಬ್ಬ ಹಿರಿಯರಿಗೆ ಗುದ್ದಿದ್ದಾನೆ. ಅವರ ಸೊಂಟದ ಎಲುಬು ಮುರಿದಿದೆ. ಗೇರ್ ಇಲ್ಲದ ಗಾಡಿಗೆ 16 ವರ್ಷವಾಗಿದ್ದರೆ ಸಾಕು ಎಂದುಕೊಂಡಿದ್ದೆವು. ಗಾಡಿ ನಾನೇ ಓಡಿಸುತ್ತಿದ್ದೆ ಎಂದು ಹೇಳಿಬಿಡು ಎಂದು ಮನೆಯಲ್ಲಿ ಒತ್ತಾಯಿಸುತ್ತಿದ್ದಾರೆ.
— ಓದುಗರು, ಬೆಳಗಾವಿ

ಉತ್ತರ: ಹೇಳಬೇಡಿರಿ, ತಾಯಿ. ಸುಳ್ಳು ಹೇಳಿಕೆ ತಾನೇ ಒಂದು ಅಪರಾಧ. ಬೆಳಗಾವಿಯಂಥ ಊರಿನಲ್ಲಿ ಯಾವ ಅಂಗಡಿಯ ಸಿಸಿಟಿವಿಯಲ್ಲಿ ಹುಡುಗನ ಮುಖ ಇದೆಯೋ ನಿಮಗೆ ತಿಳಿಯದು, ಮತ್ತು ಸುಳ್ಳು ಹೊರಬಿದ್ದ ದಿನ ವಿಮಾ ಕಂಪನಿಯ ಕೈಗೆ ನೀವೇ ಕೋಲು ಕೊಟ್ಟಂತಾಗುತ್ತದೆ. 16 ವರ್ಷದ ರಿಯಾಯಿತಿ ಇರುವುದು 50 ಸಿಸಿ ಮೀರದ ಎಂಜಿನ್ನಿಗೆ. ಈಗ ರಸ್ತೆಯಲ್ಲಿ ಓಡುವ ಸ್ಕೂಟಿಗಳಲ್ಲಿ ಬಹುತೇಕ ಎಲ್ಲವೂ ಅದನ್ನು ಮೀರಿದವು.

ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತನು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರು ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, 12 ತಿಂಗಳು ನೋಂದಣಿ ರದ್ದು. ನನಗೆ ತಿಳಿಯದೆ ನಡೆಯಿತು, ತಡೆಯಲು ಬೇಕಾದ ಎಚ್ಚರ ವಹಿಸಿದ್ದೆ ಎಂದು ತೋರಿಸಿದರೆ ಬಿಡುಗಡೆಯಿದೆ. ಎಲ್ಲ ನಿಂತಿರುವುದು ಕೀಲಿಯ ಮೇಲೆ. ಕೀಲಿ ಕಪಾಟಿನಲ್ಲಿತ್ತೇ, ಅಥವಾ ಎಲ್ಲರ ಮನೆಯಲ್ಲಿರುವಂತೆ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತೇ? ಅವನು ಮೊದಲೂ ಗಾಡಿ ಒಯ್ದಿದ್ದನೇ, ನೀವು ಸುಮ್ಮನಿದ್ದಿರೇ? ಈ ಪ್ರಶ್ನೆಗಳಿಗೆ ನಿಮ್ಮ ಬಳಿ ಇರುವ ನಿಜವಾದ ಉತ್ತರವೇ ನಿಮ್ಮ ರಕ್ಷಣೆ.

ಹಿರಿಯರ ಪರಿಹಾರದ ಮಟ್ಟಿಗೆ, ಲೈಸೆನ್ಸ್ ಇಲ್ಲದವನು ಓಡಿಸಿದ ಎಂದಷ್ಟೇ ಹೇಳಿ ವಿಮಾ ಕಂಪನಿ ಕೈ ತೊಳೆದುಕೊಳ್ಳಲಾಗದು. 1987ರ ಒಂದು ತೀರ್ಪಿನಲ್ಲಿ, ಚಾಲಕ ಲಾರಿಯ ಎಂಜಿನ್ ಚಾಲೂ ಇಟ್ಟು ತಿನಿಸು ತರಲು ಹೋದಾಗ ಲೈಸೆನ್ಸ್ ಇಲ್ಲದ ಕ್ಲೀನರ್ ಓಡಿಸಿ ಅಪಘಾತ ಮಾಡಿದ್ದ. ಮಾಲೀಕನು ತಾನಾಗಿ ಷರತ್ತು ಮುರಿದಿಲ್ಲವಾದ್ದರಿಂದ ಕಂಪನಿ ಕೊಡಬೇಕೆಂದಾಯಿತು. ಮಾಲೀಕರ ಅಜಾಗ್ರತೆಯನ್ನು ರುಜುವಾತು ಮಾಡುವ ಹೊಣೆ ಕಂಪನಿಯದೇ ಎಂದು 2004ರ ತೀರ್ಪು ಮತ್ತೆ ಹೇಳಿತು. ರುಜುವಾತು ಮಾಡಿದರೂ ಸಾಮಾನ್ಯವಾಗಿ ಕಂಪನಿಯು ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ನಿಮ್ಮಿಂದ ವಸೂಲಿ ಮಾಡಿಕೊಳ್ಳುವಂತೆ ಆದೇಶವಾಗುತ್ತದೆ.

ಪ್ರಶ್ನೆ: ನಿಡಗುಂದಿ ಹತ್ತಿರ ಹೆದ್ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಕೋರ್ಟಿನ ಅಲೆದಾಟಕ್ಕೆ ಹೆದರಿ ಮುಂದೆ ಹೋಗಿಬಿಟ್ಟೆ. ನನ್ನದು ಕಾನೂನಿನ ಪ್ರಕಾರ ತಪ್ಪೇ?
— ಓದುಗರು, ವಿಜಯಪುರ

ಉತ್ತರ: ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ ಮತ್ತು ಪೊಲೀಸರಿಗೆ ತಿಳಿಸುವ ಹೊಣೆಯನ್ನು ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಅಪಘಾತದಲ್ಲಿ ಸಿಕ್ಕ ವಾಹನದ ಚಾಲಕನ ಮೇಲೆ ಹೊರಿಸುತ್ತದೆ, ದಾರಿಹೋಕನ ಮೇಲಲ್ಲ. ಆದರೆ ನೀವು ಹೆದರಿದ ಕಾರಣ ಈಗ ಉಳಿದಿಲ್ಲ. 2019ರಲ್ಲಿ ಸೇರಿದ 134ಎ ಕಲಮಿನಂತೆ, ನೆರವಾದವರನ್ನು ಹೆಸರು ಹೇಳೆಂದು ಪೊಲೀಸರೂ ದವಾಖಾನೆಯವರೂ ಒತ್ತಾಯಿಸುವಂತಿಲ್ಲ, ನೆರವಿನ ವೇಳೆ ಆದ ಹಾನಿಗೆ ನಿಮ್ಮ ಮೇಲೆ ಪ್ರಕರಣ ಬರುವುದಿಲ್ಲ. ಹಣ ಯಾರು ಕಟ್ಟಬೇಕೆಂಬ ಚಿಂತೆಗೂ, 2025ರ ಮೇ ತಿಂಗಳಿನಿಂದ ಗಾಯಾಳುವಿಗೆ ಅಪಘಾತದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಸಾಕ್ಷಿಯಾಗುವುದು ನಿಮ್ಮ ಇಚ್ಛೆ. ಆಗುವುದಾದರೆ ದೊಡ್ಡ ಹೇಳಿಕೆಯೇನೂ ಬೇಡ: ಗಾಡಿ ಡಾಂಬರಿನ ಮೇಲಿತ್ತೋ ಮಣ್ಣಿನ ಮೇಲಿತ್ತೋ, ಹಿಂದಿನ ದೀಪ ಉರಿಯುತ್ತಿತ್ತೋ ಇಲ್ಲವೋ, ಅಷ್ಟನ್ನು ಕಂಡಂತೆ ಹೇಳಿದರೆ ಜಮಖಂಡಿಯ ಆ ಮನೆಯವರಂಥವರಿಗೆ ಅದೇ ಸಾಕಾಗುತ್ತದೆ.